ಲಂಗದ ಮೇಲಿನ ಗೆರೆ

ನಾನು ಸಾಲಿ ಬಿಟ್ಟಿದ್ದು ೧೯೬೨ರಲ್ಲಿ, ಆರನೇ ಕ್ಲಾಸಿನ ನಡುವೆ. ಕುರುಗೋಡಿನಿಂದ ಬಳ್ಳಾರಿಗೆ ಬಂದು ಟೈಲರ್ ಅಂಗಡಿಯಲ್ಲಿ ಕಾಜಾ ಹಾಕಲು ಕೂತೆ. ನಾಲ್ಕು ವರ್ಷಕ್ಕೆ ಕತ್ತರಿ ಕೈಗೆ ಬಂತು. ಆಮೇಲೆ ಯಾರ ಮುಂದೂ ತಲೆ ತಗ್ಗಿಸಿದವನಲ್ಲ.

ಮಸ್ಕತ್ತಿಗೆ ಹೋಗಿ ಹೆಂಡತಿ, ಮಗಳನ್ನು ಕರೆಸಿಕೊಂಡಾಗ ಮಗಳಿಗೆ ಐದು ವರ್ಷ. ವಾರವೆಲ್ಲ ಅರಬರ ಉದ್ದನೆಯ ಬಿಳಿ ಅಂಗಿ ಹೊಲಿಯುತ್ತಿದ್ದೆ, ಶುಕ್ರವಾರ ರಜೆ ಇದ್ದಾಗ ಮಗಳ ಬಟ್ಟೆ. ನಮ್ಮ ಕಡೆ ಬೆಳೆಯೋ ಕೂಸಿಗೆ ಲಂಗ ಹೊಲಿದರೆ ಕೆಳಗೆ ನಾಲ್ಕು ಬೆರಳು ಬಟ್ಟೆ ಮಡಿಕೆ ಮಡಿಕೆಯಾಗಿ ಒಳಗೆ ಮಡಚಿರುತ್ತೇವೆ. ವರ್ಷಕ್ಕೊಂದು ಮಡಿಕೆ ಬಿಚ್ಚುತ್ತ ಹೋಗೋದು. ಮಡಿಕೆ ಇದ್ದಲ್ಲಿ ಒಂದು ಗೆರೆ ಉಳಿಯುತ್ತದೆ, ಎಷ್ಟು ಒಗೆದರೂ ಹೋಗುವುದಿಲ್ಲ. ಇಷ್ಟು ಬೆಳೆದಳು ಅಂತ ಆ ಗೆರೆ ನೋಡಿ ನನಗೆ ಖುಷಿ.

ಅವಳಿಗೆ ಹದಿಮೂರಾದ ವರ್ಷ ರಜೆಗೆ ಸಿರುಗುಪ್ಪಕ್ಕೆ, ಹೆಂಡತಿಯ ತವರಿಗೆ ಬಂದಿದ್ದೆವು. ಹೆಂಡತಿಯ ಅಣ್ಣನ ಹೆಂಡತಿ ಮಗಳ ಲಂಗದ ಅಂಚು ಹಿಡಿದು ನೋಡಿದಳು.

"ಏನೇ ತಾಯಿ, ಮಸ್ಕತ್ತಿನಾಗ ಬಟ್ಟಿ ಅಂಗಡಿ ಇಲ್ಲೇನು? ನಿಮ್ಮಪ್ಪ ಲಂಗದ ಮ್ಯಾಲೆ ರೈಲು ಕಂಬಿ ಹಾಕ್ಯಾನಲ್ಲ!"

ಎಲ್ಲರೂ ನಕ್ಕರು, ನಾನೂ ನಕ್ಕೆ. ಮಗಳು ನಗಲಿಲ್ಲ.

ವಾಪಸ್ ಹೋದ ಮೇಲೆ ಕೇಳಿದಳು. "ಅಪ್ಪಾ, ಈ ಸಲ ಸಾಲಿ ಲಂಗ ರೆಡಿಮೇಡ್ ತರೋಣು."

"ಲೇ, ಊರಿಗೆಲ್ಲ ಹೊಲಿಯೋ ಅಪ್ಪ ಮನ್ಯಾಗ ಅದೀನಿ. ಅಂಗಡ್ಯಾಗಿಂದು ಯಾಕ?"

ಮತ್ತೆ ಕೇಳಲಿಲ್ಲ. ಗೆದ್ದೆ ಅಂದುಕೊಂಡೆ.

ಒಂದು ದಿನ ಬುತ್ತಿ ಮರೆತು ಹೋಗಿದ್ದಳು. ಕೊಡೋಣ ಅಂತ ಸಾಲಿ ಗೇಟಿಗೆ ಹೋದೆ. ಹುಡುಗಿಯರು ಸಾಲಾಗಿ ನಿಂತಿದ್ದರು. ಮಗಳು ಉಟ್ಟಿದ್ದು ಅಂಗಡಿಯ ಲಂಗ. ಬೇರೆಯವರ ಹೊಲಿಗೆ ನನಗೆ ದೂರದಿಂದಲೇ ಗೊತ್ತಾಗುತ್ತದೆ. ನಾನು ಹೊಲಿದದ್ದು ಅವಳ ಚೀಲದ ಬಾಯಲ್ಲಿ ಮಡಚಿಟ್ಟಿತ್ತು.

ಬುತ್ತಿ ಹಾಗೇ ವಾಪಸ್ ತಂದೆ. ಕೊಟ್ಟಿದ್ದರೆ ನಾನು ನೋಡಿದ್ದು ಅವಳಿಗೆ ಗೊತ್ತಾಗುತ್ತಿತ್ತು. ಸಂಜೆ ಬಂದಾಗ ನಾನು ಹೊಲಿದ ಲಂಗವನ್ನೇ ಉಟ್ಟಿದ್ದಳು. ದಿನಾ ಗೆಳತಿಯ ಮನೆಯಲ್ಲಿ ಆ ಗೆಳತಿಯದೇ ಒಂದು ಲಂಗಕ್ಕೆ ಬದಲಾಯಿಸುತ್ತಿದ್ದಳು ಅಂತ ಹೆಂಡತಿಗೆ ಆಮೇಲೆ ತಿಳಿಯಿತು. ಅಪ್ಪನಿಗೆ ಬೇಜಾರಾಗಬಾರದು ಅಂತಂತೆ. ಬೈದರೆ ಅವಳಿಗೆ ನೋವು, ಹೊಸದು ಕೊಡಿಸಿದರೆ ಗುಟ್ಟು ಹೊರಗೆ. ಮಧ್ಯಾಹ್ನ ಏನು ತಿಂದೆ ಅಂತ ಕೇಳಲೂ ಬಾಯಿ ಬರಲಿಲ್ಲ.

ಮುಂದಿನ ಲಂಗ ಅಳತೆಗೆ ಸರಿಯಾಗಿ ಹೊಲಿದೆ. ಅವಳು ಅಂಚು ತಿರುಗಿಸಿ ನೋಡಿದಳು.

"ಮಡಿಕಿ ಬಿಟ್ಟಿಲ್ಲೇನಪ್ಪಾ? ಬರೋ ವರ್ಷ ಸಾಲಂಗಿಲ್ಲಲ್ಲ."

"ಬರೋ ವರ್ಷ ನೀನೇ ಅಂಗಡ್ಯಾಗ ನೋಡಿ ತಗೋ ಅವ್ವಾ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಅವಳು ಎಷ್ಟು ಬೆಳೆದಳೋ, ನನ್ನ ಟೇಪಿಗೆ ಗೊತ್ತಾಗಲೇ ಇಲ್ಲ.

ಅವಳ ಕಾಲೇಜಿಗೆ ಅಂತ ಎಲ್ಲರೂ ಬಳ್ಳಾರಿಗೆ ಬಂದಿದ್ದೇವೆ. ಈಗ ನನ್ನದೇ ಅಂಗಡಿ. ಮೂರು ಮೆಷಿನು, ಎರಡು ಕತ್ತರಿ, ಒಂದು ಟೇಪು. ಟ್ರಂಕಿನಲ್ಲಿ ಒಂದು ನೀಲಿ ಲಂಗ, ಅದರ ಮೇಲೆ ಮೂರು ಗೆರೆ.