ಅತ್ತೆ ಕುಡಿದ ನೀರಾಗಾರ

ಅತ್ತೆಯ ಬೆರಳ ತುದಿಗಳ ತುಂಬ ಕಪ್ಪು ಚುಕ್ಕೆಗಳಿದ್ದವು. ಕೆಲವು ಹೊಲಿಗೆ ಸೂಜಿಯವು, ಉಳಿದವು ಸಕ್ಕರೆ ಪರೀಕ್ಷೆಯ ಸೂಜಿಯವು. "ಯಾವ್ದು ಯಾವ್ದೂಂತ ನಂಗೇ ಗೊತ್ತಿಲ್ಲ ಲೇ" ಎಂದು ನಗುತ್ತಿದ್ದಳು. ತಾಯಿಯಿಲ್ಲದ ನನಗೆ ತಲೆ ಬಾಚಿ, ತುತ್ತಿಟ್ಟು ಬೆಳೆಸಿದ ಬೆರಳುಗಳು ಅವು.

ಅಪ್ಪನ ಈ ಅಕ್ಕ ತಮಿಳು ಸೀಮೆಯ ಅದಿಯಮಾನ್‌ಕೋಟೆಯಲ್ಲಿ ನಮ್ಮ ಮನೆಯ ಜಗಲಿಯಲ್ಲಿ ಹೊಲಿಗೆ ಮಿಷನ್ ತುಳಿಯುತ್ತಿದ್ದಳು. ರವಿಕೆ ಬಿಗಿಯಾಯಿತೆಂದು ಯಾರಾದರೂ ಜಗಳಕ್ಕೆ ಬಂದರೆ, "ಬಟ್ಟೆ ಕುಗ್ಗಿಲ್ಲ ಕಣಮ್ಮಾ, ನೀನು ಇಗ್ಗಿದ್ದೀಯ" ಎನ್ನುವಳು. ತನ್ನ ದಪ್ಪ ಮೈಯನ್ನೂ ಹಾಗೇ ಗೇಲಿ ಮಾಡಿಕೊಳ್ಳುವಳು.

ಸಕ್ಕರೆ ಕಾಯಿಲೆಗೆ ಕಾಲಿನ ಒಂದು ಬೆರಳು ಹೋಯಿತು. ಹೊಟ್ಟೆಯನ್ನು ಚಿಕ್ಕದು ಮಾಡುವ ಆಪರೇಷನ್ ಆದರೆ ತೂಕವೂ ಸಕ್ಕರೆಯೂ ಇಳಿದು ಕಾಲು ಉಳಿಯಬಹುದು ಎಂದರು ಸೇಲಂ ಆಸ್ಪತ್ರೆಯವರು. "ಕಾಲಿಲ್ದೆ ಮಿಷನ್ ಎಂಗ್ ತುಳೀಲಿ?" ಎಂದು ಅತ್ತೆ ಒಪ್ಪಿದಳು. ಅದಕ್ಕೆ ಮೊದಲು ಎರಡು ವಾರ ಪಥ್ಯ. ನರ್ಸ್ ತಲೆಯನ್ನೂ ಎತ್ತದೆ ತಮಿಳಿನಲ್ಲಿ ಹೇಳಿದ್ದು ಒಂದೇ ಮಾತು: "ನೀರಾಗಾರಂ ಮಟ್ಟುಂದಾನ್." ಬರೀ ನೀರಾಗಾರ.

ಆ ಹೊತ್ತಿಗೇ ಚಿಕ್ಕಪ್ಪನ ಮನೆಯಲ್ಲಿ ಮೊಮ್ಮಗುವಿನ ನಾಮಕರಣ. ಚಿಕ್ಕಮ್ಮ ಒಬ್ಬಟ್ಟು ಹಿಡಿದು ನಿಂತು, "ಒಂದೇ ಒಂದು ತಿನ್ನಿ ಅತ್ತಿಗೆ, ಏನೂ ಆಗಾಕಿಲ್ಲ" ಎಂದು ಗೋಗರೆದಳು.

"ಬಾಯಿ ಕಟ್ಟಿದ್ದೀನಿ ಕಣೇ" ಎಂದು ಅತ್ತೆ ಎದ್ದು ಬಂದಳು.

ಎರಡು ವಾರ ಕಳೆದು ಆಸ್ಪತ್ರೆಗೆ ಹೋದರೆ ಸಕ್ಕರೆ ಇನ್ನೂ ಏರಿತ್ತು. "ಯಾರ ಏಮಾತ್ತ್ರೀಂಗ?" ಎಂದಳು ನರ್ಸ್, ಯಾರಿಗೆ ಮೋಸ ಮಾಡುತ್ತೀರಿ ಎಂದು. ಅತ್ತೆಯೂ ತಮಿಳಿನಲ್ಲೇ ಉತ್ತರ ಕೊಟ್ಟಳು: ನೀರಾಗಾರ ಬಿಟ್ಟು ಬೇರೇನೂ ಮುಟ್ಟಿಲ್ಲ, ಹಸಿವಾದಾಗಲೆಲ್ಲ ತಂಗಳನ್ನ ಕಿವುಚಿ ಚೊಂಬು ತುಂಬ ಕುಡಿದಿದ್ದೇನೆ. ಆಸ್ಪತ್ರೆಯಲ್ಲಿ ಆ ಮಾತಿಗೆ ಸೂಪು, ನೀರುಮಜ್ಜಿಗೆಯಂಥ ಕುಡಿಯುವ ಆಹಾರ ಎಂದರ್ಥ. ನಮ್ಮ ಮನೆಗಳಲ್ಲಿ ನೀರಾಗಾರ ಎಂದರೆ ತಂಗಳನ್ನದ ನೀರೇ. ನರ್ಸ್ ಅದನ್ನು ಪಕ್ಕದ ಮೇಜಿನವಳಿಗೆ ಹೇಳಿ ನಕ್ಕಳು, ಅವಳು ಇನ್ನೊಬ್ಬಳಿಗೆ ಹೇಳಿದಳು. ಅವರ ನಗುವಿಗಿಷ್ಟು ಬೆಂಕಿ ಬೀಳಲಿ! ಬಿಡಿಸಿ ಹೇಳದವರು ಅವರು, ತಲೆ ತಗ್ಗಿಸಿದವಳು ನಮ್ಮತ್ತೆ.

ಮೊದಲಿನಿಂದ ಪಥ್ಯ ಮಾಡಿಕೊಂಡು ಬನ್ನಿ ಎಂದರು ಡಾಕ್ಟರು. ನಾನು ಎಷ್ಟು ಅಂಗಲಾಚಿದರೂ ಅವಳು ಮತ್ತೆ ಹೋಗಲಿಲ್ಲ. "ನಗೋರ ಕೈಗೆ ಒಟ್ಟೆ ಕೊಡಾಕಿಲ್ಲ, ಓಗ್ಲಾ" ಎಂದುಬಿಟ್ಟಳು. ಎಂಥ ಹಟ! ಆ ಹಟದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಪಾದದ ಹುಣ್ಣು ಮೇಲಕ್ಕೆ ಹತ್ತಿತು. ಮೊಣಕಾಲವರೆಗೆ ಕತ್ತರಿಸಿದರು. ಜಗಲಿಯ ಮಿಷನ್ನಿಗೆ ಹಳೇ ಸೀರೆ ಮುಚ್ಚಿದೆವು. ಕೊನೆಗೆ ಜ್ವರದಲ್ಲಿ ನನ್ನ ಕೈ ಹಿಡಿದು, "ನಾ ಕದ್ದು ತಿಂದಿಲ್ಲ ಲೇ, ನೀನಾದ್ರೂ ನಂಬು" ಎಂದಳು. ಅದೇ ಕಡೆಯ ಮಾತು.

ಹೆಣದ ಮುಂದೆ ಚಿಕ್ಕಮ್ಮ, "ಬಾಯಿ ಕಟ್ಟಿದ್ರೆ ಬದುಕೋರು ನಮ್ಮತ್ತಿಗೆ" ಎಂದು ಎದೆ ಬಡಿದುಕೊಂಡಳು. ಆಮೇಲೆ ಎಲ್ಲರೂ ಸಾಲಾಗಿ ಬಂದು ಅತ್ತೆಯ ಬಾಯಿಗೆ ಅಕ್ಕಿ ಹಾಕಿದರು. ನನ್ನ ಸರದಿ ಬಂದಾಗ ನಾನು ಹಾಕಲಿಲ್ಲ. ನಮ್ಮತ್ತೆ ಬಾಯಿ ಕಟ್ಟಿದ್ದಳು.