ಆರು ಕೋಲುಗಳನ್ನು ಸಿರುಗುಪ್ಪಕ್ಕೆ ಕಳಿಸಿದ್ದು

ನನ್ನ ಗಂಡ ಕೋಲು ಮಾಡುತ್ತಿದ್ದರು. ಊರುಗೋಲಲ್ಲ, ಬಳ್ಳಾರಿ ದಂಡಿನ ಕ್ಲಬ್ಬಿನಲ್ಲಿ ದೊರೆಗಳು ಹಸಿರು ಬನಾತಿನ ಮೇಜಿನ ಮೇಲೆ ದಂತದ ಗುಂಡು ಹೊಡೆಯುವ ಬಿಲಿಯರ್ಡ್ಸ್ ಕೋಲು. ಹಿಡಿಯುವ ಕಡೆ ಕರಿಮರ, ಮುಂದಕ್ಕೆ ಮದ್ರಾಸಿನಿಂದ ತರಿಸಿದ ವಿಲಾಯಿತಿ ಬಿಳಿಮರ. ಬಿಳಿಮರವನ್ನು ತುದಿಯವರೆಗೆ ಸಣ್ಣಗೆ ಕೀಸಿ, ಬೆರಳಿಗೆ ಬೆರಳು ಹೆಣೆದ ಹಾಗೆ ಎರಡನ್ನೂ ಕೂಡಿಸಿ ಅಂಟು ಹಾಕಬೇಕು. ಕೀಸುವಾಗ ಬೀಳುವ ಸುರುಳಿಗಳಿಂದಲೇ ನಾನು ಒಲೆ ಹೊತ್ತಿಸುತ್ತಿದ್ದೆ. ಒಂದೊಂದೂ ಮೊಳದುದ್ದ, ಹಾಲಿನ ಕೆನೆಯಷ್ಟು ತೆಳು.

ಆ ವರ್ಷ ಚಳಿಜ್ವರ ಬಂದು ಹೋದ ಮೇಲೆ ಸುರುಳಿಗಳು ತುಂಡುತುಂಡಾಗಿ ಬೀಳತೊಡಗಿದವು. ಬುಟ್ಟಿಯಲ್ಲಿ ನೋಡಿದೆ. ಊಟಕ್ಕೆ ಕೂತಾಗ ತುತ್ತು ಚೆಲ್ಲದಿರಲೆಂದು ಅವರು ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಹಿಡಿದುಕೊಳ್ಳುತ್ತಿದ್ದರು.

ಅದೇ ಹೊತ್ತಿಗೆ ಕ್ಲಬ್ಬಿಗೆ ಹೊಸ ಮೇಜು ಬಂತು. ಆರು ಕೋಲು ಬೇಕು, ಸರಿಯಾಗಿದ್ದರೆ ಮುಂದಿನವೂ ನಿಮಗೇ, ಇಲ್ಲದಿದ್ದರೆ ಎಲ್ಲವನ್ನೂ ವಿಲಾಯಿತಿಯಿಂದಲೇ ತರಿಸುತ್ತೇವೆ ಎಂದು ಹೇಳಿಕಳಿಸಿದರು. ನಮ್ಮ ಅಟ್ಟದ ಮೇಲೆ ಮೂರು ಬೇಸಿಗೆ ಒಣಗಿದ ಬಿಳಿಮರ ಸರಿಯಾಗಿ ಆರು ತುಂಡು ಇತ್ತು.

"ಕೀಸೋದಷ್ಟು ಹೊರಗ ಕೊಡೋಣು," ಅಂದರು ನನ್ನ ಗಂಡ, ಗೋಡೆಯ ಕಡೆ ನೋಡುತ್ತ. "ಕೂಡಿಸೋದು, ಮೆರುಗು ಕೊಡೋದು ನಾನ ಮಾಡ್ತೀನಿ. ಸಿರುಗುಪ್ಪದಾಗ ಒಬ್ಬ ಬಡಗಿ ಅದಾನ. ಬಂಡಿ ಮೂಕಿ, ನೊಗ ಮಾಡ್ತಾನ. ನನಗಿಂತ ಹಿರಿಯ, ಕೈ ಮಾತ್ರ ಬಂಡೆಗಲ್ಲು, ಅಲುಗಂಗಿಲ್ಲ."

ಚೀಟಿ ಬರೆದವಳು ನಾನು. ಕಾನ್ವೆಂಟಿನ ಸಿಸ್ಟರು ಕಲಿಸಿದ ದುಂಡು ಅಕ್ಷರದಲ್ಲಿ ಉದ್ದ, ದಪ್ಪ, ತುದಿಯ ಸುತ್ತಳತೆ ಎಲ್ಲ ಬರೆದೆ. ಓದಲು ಬಾರದಿದ್ದರೆ ಇರಲಿ ಎಂದು ಅಳತೆಗೆ ಗಂಟು ಹಾಕಿದ ದಾರವನ್ನೂ ಇಟ್ಟೆ. ಇನ್ನೇನಾದರೂ ಇದೆಯಾ ಎಂದು ಕೇಳಿದೆ. ಸಾಕು ಅಂದರು.

ತಿಂಗಳೊಳಗೆ ಬಡಗಿ ತಾನೇ ಬಂಡಿಯಲ್ಲಿ ಬಂದ. ಹೊಸ ಪಂಚೆಯಲ್ಲಿ ಸುತ್ತಿದ ಕಟ್ಟನ್ನು ಕೂಸಿನ ಹಾಗೆ ನನ್ನ ಕೈಗಿಟ್ಟ.

"ತಂಗೆವ್ವಾ, ದೊರಿಗೋಳು ಇದರಿಂದ ಯಾರನ್ನ ಹೊಡೀತಾರ?"

"ಯಾರನ್ನೂ ಅಲ್ಲಣ್ಣ, ದಂತದ ಗುಂಡನ್ನ."

"ಇಷ್ಟೆಲ್ಲಾ ಮಾಡಿ ಗುಂಡು ಹೊಡ್ಯಾಕಾ? ನಮ್ಮೂರ ಹುಡುಗ್ರು ಗೋಲಿ ಆಡಾಕ ಬೆರಳು ಸಾಕು ನೋಡವ್ವಾ!"

ನಾನು ನಕ್ಕೆ. ಆರೂ ಬಾಣದಂತೆ ನೆಟ್ಟಗಿದ್ದವು. ಒಂದನ್ನು ಎತ್ತಿ ನನ್ನ ಗಂಡನಿಗೆ ಕೊಡುವಾಗ ಕೆನ್ನೆಗೆ ತಾಗಿತು. ತಣ್ಣಗಿತ್ತು. ಬಳ್ಳಾರಿಯ ಆ ಬಿಸಿಲಿನಲ್ಲಿ, ಬಂಡಿಯಲ್ಲಿ ಬಂದ ಮರ ತಣ್ಣಗಿತ್ತು. ಕಾಲುವೆಯ ಕೆಸರಿನ ವಾಸನೆ.

"ಭಾಳ ಒಣಕಲ ಕಟಗಿ ಕಳಿಸಿದ್ರಿ ಯಜಮಾನ್ರ," ಎಂದು ಬಡಗಿ ನನ್ನ ಗಂಡನಿಗೆ ಹೇಳುತ್ತಿದ್ದ. "ನೀರ ಕಂಡಿಲ್ಲ ಪಾಪ. ಎರಡು ವಾರ ಕಾಲುವ್ಯಾಗ ಮುಳುಗಿಸಿ ಕಲ್ಲು ಹೇರಿದ್ನಿ. ಆಮ್ಯಾಲ ಕೀಸೀನಿ, ಬೆಣ್ಣಿ ಕೀಸಿದಂಗ ಬಂತು. ಇನ್ನ ನೂರು ವರ್ಷ ಹುಳ ಮುಟ್ಟಂಗಿಲ್ಲ. ಅದಕ್ಕ ಬ್ಯಾರೆ ಕೂಲಿ ಬ್ಯಾಡ್ರಿ."

ಮನೆಯ ತೊಲೆಯಾಗಲಿ ಬಂಡಿಯ ಮರವಾಗಲಿ, ನೀರಿನಲ್ಲಿ ಹಾಕದೆ ಉಳಿ ಮುಟ್ಟಿಸುವವರು ಸಿರುಗುಪ್ಪದಲ್ಲಿ ಯಾರೂ ಇಲ್ಲ. ಒಣಗಿಸಿಟ್ಟದ್ದನ್ನು ನೆನೆಸಬಾರದು, ನೆನೆದದ್ದು ಆರುವಾಗ ಬಾಗುತ್ತದೆ ಎಂಬುದು ನಮ್ಮ ಮನೆಯಲ್ಲಿ ಬಾಯಿಬಿಟ್ಟು ಹೇಳುವ ಮಾತೇ ಆಗಿರಲಿಲ್ಲ.

ನನ್ನ ಗಂಡನ ಮುಖ ಸುಣ್ಣದ ಹಾಗೆ ಬಿಳಿಚಿತು. ಆದರೂ, "ಮಜ್ಜಿಗಿ ಕೊಡು ಅವರಿಗೆ," ಎಂದಷ್ಟೇ ಹೇಳಿದರು. ಬಡಗಿ ಎರಡು ಲೋಟ ಕುಡಿದು ಹರಸಿ ಹೋದ.

ಕೋಲುಗಳನ್ನು ನೆರಳಲ್ಲಿ ತೊಲೆಗೆ ತೂಗುಹಾಕಿದರು. ಕುರುಗೋಡಿನಿಂದ ತರಿಸಿದ ನುಣುಪು ಕಲ್ಲಿನ ಚಪ್ಪಡಿ ಪಡಸಾಲೆಯಲ್ಲಿತ್ತು; ನೆಟ್ಟಗಿದೆಯೋ ಇಲ್ಲವೋ ನೋಡಲು ಕೋಲನ್ನು ಅದರ ಮೇಲೆ ಉರುಳಿಸುತ್ತಿದ್ದರು. ನೆಟ್ಟಗಿದ್ದರೆ ಒಂದೇ ಎಳೆಯ ಸದ್ದು. ದಿನಾ ಬೆಳಿಗ್ಗೆ ನಾನು ಅಡಿಗೆಮನೆಯಿಂದ ಕಿವಿಗೊಡುತ್ತಿದ್ದೆ. ನಾಲ್ಕನೆಯ ದಿನ ಒಂದು ಕೋಲು ಟಪ್, ಟಪ್ ಎಂದು ಕುಂಟಿತು. ವಾರ ಕಳೆಯುವಷ್ಟರಲ್ಲಿ ಆರೂ ಕುಂಟಿದವು.

ನೆಟ್ಟಗಾದಾವೇನೋ ಎಂದು ಬೆಂಕಿಗೆ ಹಿಡಿದು ಬಗ್ಗಿಸಿ ನೋಡಿದರು. ಒಂದು ಮುರಿಯಿತು.

"ಕ್ಲಬ್ಬಿಗೆ ಬರಿ," ಅಂದರು. "ಆಗಂಗಿಲ್ಲ ಅಂತ ಬರಿ. ಬಡಗಿ ಸುದ್ದಿ ಬ್ಯಾಡ."

"ಕೈ ಸುದ್ದಿ?"

"ಅದೂ ಬ್ಯಾಡ."

ಇಂಗ್ಲಿಷಿನಲ್ಲಿ ಮೂರೇ ಸಾಲಾಯಿತು. ವಿಷಾದವಿದೆ ಎಂದು ಬರೆಯಲು ಸಿಸ್ಟರು ಎಷ್ಟೊಂದು ಬಗೆ ಕಲಿಸಿದ್ದರು. ಒಂದನ್ನು ಆರಿಸಿ ಬರೆದೆ. ನನ್ನ ಗಂಡ ಕಾಗದ ನೋಡಿ, "ಅಕ್ಷರ ಚಂದ ಅದಾವ," ಅಂದರು. ಆಮೇಲೆ ಕೀಸುಳಿಗೆ ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿಟ್ಟರು. ಮತ್ತೆ ಬಿಚ್ಚಲಿಲ್ಲ.

ಉಳಿದ ಕೋಲುಗಳಲ್ಲಿ ಒಂದನ್ನು ಹಿತ್ತಲಿನಲ್ಲಿ ಎರಡು ಹಗ್ಗಕ್ಕೆ ಕಟ್ಟಿ, "ಬಟ್ಟಿ ಹಾಕು," ಅಂದರು. ಹಾಕಿದೆ. ಎಲ್ಲಿ ಹರವಿದರೂ ಒದ್ದೆ ಬಟ್ಟೆಯೆಲ್ಲ ನಡುವಿನ ಬಾಗಿಗೆ ಜಾರಿ ಒಟ್ಟುಗೂಡುತ್ತಿತ್ತು. ಬಿಡಿಸಿ ಹರವುತ್ತಿದ್ದೆ, ಮತ್ತೆ ಜಾರುತ್ತಿತ್ತು. ಒಲೆ ಹೊತ್ತಿಸಲು ಸಗಣಿ ಕುರುಳು ಕೊಳ್ಳತೊಡಗಿದೆ.