ಹಾರುವ ಬಸ್ಸಿನ ಹಿಂದೆ ಸೋಗೆಯ ಮಾಡು

ಕಡಬದಿಂದ ಸುಬ್ರಹ್ಮಣ್ಯಕ್ಕೆ ಹೋಗುವ ದಾರಿಯಲ್ಲಿ ನಮ್ಮದೊಂದು ಸಣ್ಣ ಹೋಟೆಲಿತ್ತು. ಮುಂದೆ ನಾಲ್ಕು ಬೆಂಚು, ಹಿಂದೆ ನಾವಿರುವ ಮನೆ, ಅದರ ಹಿಂಗೋಡೆಗೆ ತಾಗಿಸಿ ಅಡಿಕೆ ಗರಿ ಹೊದಿಸಿದ ಸೂರು, ನಮ್ಮ ಕಡೆಯ ಮಾತಿನಲ್ಲಿ ಸೋಗೆಯ ಮಾಡು, ಇಳಿಸಿದ ಒಂದು ಜಾಗ. ತಿಂಗಳಲ್ಲಿ ಮೂರು ದಿನ ನಾನು ಹೊರಗೆ ಕೂರುತ್ತಿದ್ದದ್ದು ಅಲ್ಲಿ. ಒಂದು ಚಾಪೆ, ಒಂದು ಬಟ್ಟಲು, ಒಂದು ಲೋಟ. ಯಾರನ್ನೂ ಮುಟ್ಟುವಂತಿಲ್ಲ, ಒಳಗೆ ಕಾಲಿಡುವಂತಿಲ್ಲ. ಅದನ್ನು ನಾನು ಕಷ್ಟ ಎಂದು ಎಣಿಸಿದವಳೇ ಅಲ್ಲ. ಉಳಿದ ದಿನವೆಲ್ಲ ಹೋಟೆಲಿನ ಹಿಟ್ಟು ರುಬ್ಬುವ ಕೈಗಳಿಗೆ ಆಗ ಬಿಡುವು. ದೇವರು ಕೊಟ್ಟ ರಜೆ ಎಂದು ಕೂತಲ್ಲಿಂದಲೇ ಮನಸ್ಸಿನಲ್ಲಿ ನಮಸ್ಕಾರ ಮಾಡುತ್ತಿದ್ದೆ.

ಆ ದಿನಗಳಲ್ಲಿ ನನಗೆ ಊಟ ತರುತ್ತಿದ್ದವಳು ಮಗಳು. ನಾಲ್ಕನೇ ಕ್ಲಾಸಿನ ಹುಡುಗಿ. ನನ್ನ ಬಟ್ಟಲಿಗೆ ತಾಗದ ಹಾಗೆ ಮೇಲಿನಿಂದ ಬಡಿಸುವಾಗ ಸಾರು ಚೆಲ್ಲಬಾರದೆಂದು ನಾಲಿಗೆ ಕಚ್ಚಿಕೊಳ್ಳುವಳು. ಒಮ್ಮೆ ಕೇಳಿದ್ದಳು, "ನಿನ್ನನ್ನು ಎಂತಕ್ಕಮ್ಮ ಮುಟ್ಟಬಾರ್ದು?"

"ದೇವರಿಗೆ ಸಿಟ್ಟು ಬರ್ತದೆ" ಎಂದಿದ್ದೆ. ನನ್ನ ಅಮ್ಮ ನನಗೆ ಹೇಳಿದ್ದೂ ಅದನ್ನೇ.

ಸ್ವಾತಂತ್ರ್ಯ ಬಂದು ಹದಿನೈದು ವರ್ಷವಾಗುವ ಹೊತ್ತು. ಶಾಲೆಯ ಮಾಷ್ಟ್ರು ಮಕ್ಕಳಿಗೆ ಒಂದೊಂದು ದಪ್ಪ ಕಾಗದ ಕೊಟ್ಟು, ನೀವು ದೊಡ್ಡವರಾಗುವಾಗ ನಮ್ಮ ದೇಶ ಹೇಗಿರುತ್ತದೆಂದು ಚಿತ್ರ ಬಿಡಿಸಿ ತನ್ನಿ ಎಂದರು. ಒಳ್ಳೆಯದೊಂದು ಪುತ್ತೂರಿನ ಪ್ರದರ್ಶನಕ್ಕೆ ಹೋಗುತ್ತದಂತೆ. ಬಣ್ಣದ ಪೆಟ್ಟಿಗೆ ನಮ್ಮಲ್ಲೆಲ್ಲಿಯದು? ಬಸಳೆ ಹಣ್ಣಿನ ರಸ, ಅರಸಿನ, ಬಟ್ಟೆಗೆ ಹಾಕುವ ನೀಲಿ, ಒಲೆಯ ಮಸಿ, ಇಷ್ಟರಲ್ಲೇ ಮುಗಿಸಿದಳು. ನನಗೂ ತೋರಿಸಲಿಲ್ಲ.

ಆಗಸ್ಟ್ ಹದಿನೈದರಂದು ಶಾಲೆಯ ಜಗಲಿಯಲ್ಲಿ ಹಗ್ಗ ಕಟ್ಟಿ, ಚಿತ್ರಗಳನ್ನೆಲ್ಲ ನಿಂಬೆ ಮುಳ್ಳಿನಿಂದ ಚುಚ್ಚಿ ತೂಗುಹಾಕಿದ್ದರು. ಊರಿನ ಗಂಡಸರು ಬೆಂಚುಗಳಲ್ಲಿ, ನಾವು ಹೆಂಗಸರು ಗೋಡೆಬದಿಯಲ್ಲಿ. ಮಾಷ್ಟ್ರು ಒಂದೊಂದನ್ನೇ ವಿವರಿಸುತ್ತಾ ಬಂದು ನಮ್ಮವಳದ್ದರ ಎದುರು ನಿಂತರು. ಮೋಡದ ಮೇಲೆ ನೇರಳೆ ಬಣ್ಣದ ಬಸ್ಸು. ಕೆಳಗೆ ಹೊಳೆಗಳಿಗೆಲ್ಲ ಸೇತುವೆ, ಮನೆಮನೆಗೆ ಕರೆಂಟು ದೀಪ.

"ಇದು ಡೆಲ್ಲಿಗೆ ಹೋಗುವ ಬಸ್ಸು. ನಮ್ಮ ಹೋಟೆಲಿನ ಎದುರೂ ನಿಲ್ತದೆ" ಎಂದಳು ಮಗಳು. ನನ್ನ ಎದೆ ಹಿಗ್ಗಿತು.

"ಬಸ್ಸಿನ ಹಿಂದೆ ಅಂಟಿಕೊಂಡದ್ದು ಇದು ಎಂತ?"

"ಸೋಗೆಯ ಮಾಡು, ಮಾಷ್ಟ್ರೆ."

ಬೆಂಚಿನಿಂದ ಯಾರೋ, "ಹಾರುವ ಬಸ್ಸಿಗೂ ವರ್ಷ ವರ್ಷ ಸೋಗೆ ಹೊದಿಸ್ಬೇಕಾ ಮಾರಾಯ್ರೆ?" ಎಂದರು. ಎಲ್ಲರೂ ನಕ್ಕರು. ತಾನು ಹೇಳಿದ್ದು ಇವರಿಗೆ ಅರ್ಥವಾಗಲಿಲ್ಲವೇನೋ ಎಂದು ಅವಳಿಗೆ ಅನಿಸಿರಬೇಕು. ಗಟ್ಟಿಯಾಗಿ ಬಿಡಿಸಿ ಹೇಳಿದಳು: "ಅಮ್ಮ ಹೊರಗೆ ಕೂರ್ಲಿಕ್ಕೆ. ತಿಂಗಳಿಗೆ ಮೂರು ದಿನ."

ನಗು ನಿಂತುಹೋಯಿತು. ಗಂಡಸರು ಕೆಮ್ಮಿದರು. ನನಗೆ ಗೋಡೆಯೊಳಗೆ ಸೇರಿಹೋಗುವಂತಾಯಿತು. ಮಾತು ತಿರುಗಿಸಬೇಕೆಂದೋ ಏನೋ, ಪಾಪ, ಮಾಷ್ಟ್ರು ಕೇಳಿದರು, "ಮಾಡಿನ ಕೆಳಗೆ ಇಬ್ಬರಿದ್ದಾರಲ್ಲ?"

"ಇನ್ನೊಬ್ಬಳು ನಾನು. ಅಷ್ಟೊತ್ತಿಗೆ ನಾನೂ ದೊಡ್ಡವಳಾಗಿರ್ತೇನಲ್ಲ."

ಅಷ್ಟರವರೆಗೆ ಇದ್ದದ್ದು ನಾಚಿಕೆ. ಇದು ಬೇರೆ. ಕೆಂಡ ಮೆಟ್ಟಿದರೆ ಉರಿ ತಿಳಿಯುವುದು ಒಂದು ಗಳಿಗೆ ಕಳೆದ ಮೇಲೆ, ಹಾಗೆ ಆಯಿತು ನನಗೆ. ದೇಶದ ಹೊಳೆಗಳಿಗೆಲ್ಲ ಸೇತುವೆ ಕಟ್ಟಿದ ಮಗು, ಬಸ್ಸನ್ನು ಮೋಡಕ್ಕೇರಿಸಿದ ಮಗು, ತನಗೆಂದು ಮಾಡಿಟ್ಟುಕೊಂಡದ್ದು ನನ್ನ ಚಾಪೆಯ ಪಕ್ಕ ಇನ್ನೊಂದು ಚಾಪೆ.

ಪುತ್ತೂರಿಗೆ ಹೋಗುವುದು ಅದೇ ಚಿತ್ರ ಎಂದು ಮಾಷ್ಟ್ರು ಆರಿಸಿದ್ದರು. ಕಾಗದ ಸುತ್ತಿ ಕೊಡುವಾಗ ನನ್ನ ಮುಖ ನೋಡದೆ, "ನಾಡಿದ್ದು ಕಳಿಸುದು. ಬಸ್ಸಿನ ಹಿಂದಿನದ್ದೊಂದು ಇಲ್ಲದಿದ್ರೆ..." ಎಂದಷ್ಟೇ ಹೇಳಿದರು. ಮನೆಯಲ್ಲಿ ಯಜಮಾನರು ಅಷ್ಟು ನಾಜೂಕು ಮಾಡಲಿಲ್ಲ. "ಅಳಿಸಿ ಕಳಿಸು. ಇಲ್ಲಿ ಮಾನ ಹೋದದ್ದು ಸಾಕು, ಪುತ್ತೂರಿನಲ್ಲೂ ಹೋಗುದು ಬೇಡ."

ಆದರೆ ಬಸಳೆ ಹಣ್ಣಿನ ಬಣ್ಣ ಅಳಿಸಿದರೆ ಹೋಗುವಂಥದ್ದಲ್ಲ. ಅವಳನ್ನು ಕೂರಿಸಿಕೊಂಡು ಮೆಲ್ಲಗೆ ಹೇಳಿದೆ, ಅದರ ಮೇಲೆ ಮಸಿ ಬಳಿದುಬಿಡು ಎಂದು.

"ಬಳಿದ್ರೆ ನೀನು ಎಲ್ಲಿ ಕೂರುದು? ಅಲ್ಲಿ ಹೊರಗೆ ಅಂದ್ರೆ ಆಕಾಶ. ಬಿದ್ದುಹೋಗ್ತಿ." ಬೆರಳಿಟ್ಟು ತೋರಿಸಿದಳು. ನಾನು ಹಿಡಿದುಕೊಳ್ಳಲು ಒಂದು ಹಗ್ಗವನ್ನೂ ಬರೆದಿದ್ದಳು.

"ಒಳಗೆ ಸೀಟಿನಲ್ಲಿ ಕೂತ್ರೆ ಆಗುದಿಲ್ವಾ?" ಮಾತು ನನ್ನ ಬಾಯಿಂದಲೇ ಬಂತು. ಬಂದದ್ದು ಕೇಳಿ ನಾನೇ ಬೆಚ್ಚಿದೆ.

ಅವಳು ನನಗಿಂತ ಹೆಚ್ಚು ಬೆಚ್ಚಿದಳು. "ದೇವರಿಗೆ ಸಿಟ್ಟು ಬರುದಿಲ್ವಾ?"

ಕಲಿಸಿದವಳು ನಾನು. ಅವಳ ಬೆರಳನ್ನು ಬಸ್ಸಿನ ಕಿಟಕಿಯ ಮೇಲೆ ಸರಿಸಿ ಹೇಳಿದೆ, "ನಾನು ಹೊರಗೇ ಇರ್ತೇನೆ. ನನಗೆ ರೂಢಿ ಉಂಟು. ನೀನೊಬ್ಬಳು ಒಳಗೆ ಹೋಗು."

ಬಹಳ ಯೋಚಿಸಿ ಒಪ್ಪಿದಳು. ಮಾಡಿನ ಕೆಳಗಿನ ತನ್ನನ್ನು ಮಸಿಯಿಂದ ಬಳಿದು ನೀರಿನ ಕೊಡ ಮಾಡಿದಳು. ತನಗೆ ಕಿಟಕಿಯ ಬದಿಯ ಸೀಟು ಬರೆದಳು. ಯಜಮಾನರು ನೋಡಿ ಗೊಣಗಿದರು, ಆದರೆ ಕಾಗದ ಹರಿಯಲಿಲ್ಲ. ಚಿತ್ರ ಹಾಗೆಯೇ ಪುತ್ತೂರಿಗೆ ಹೋಯಿತು. ಅಲ್ಲಿ ಯಾರು ನೋಡಿದರು, ಎಂತ ಹೇಳಿದರು, ನಮಗೆ ತಿಳಿಯಲಿಲ್ಲ. ತಿಳಿಯದಿದ್ದದ್ದೂ ಒಂದು ಪುಣ್ಯ.

ಮುಂದಿನ ತಿಂಗಳು ನಾನು ಕೂತಿದ್ದಾಗ ಅನ್ನ ಬಡಿಸುತ್ತಾ ಕೇಳಿದಳು, "ಚಿತ್ರದಲ್ಲಿ ನಿನ್ನೊಬ್ಬಳನ್ನೇ ಬಿಟ್ಟೆ ಅಂತ ಬೇಸರವಾ ಅಮ್ಮ?" ಇಲ್ಲ ಎಂದೆ. ಸಾರು ಹಾಕು ಎಂದು ಬಟ್ಟಲನ್ನು ಅವಳತ್ತ ಸರಿಸಿದೆ.

ನಾಲ್ಕು ವರ್ಷ ಕಳೆದು ಅವಳು ದೊಡ್ಡವಳಾದ ದಿನ, ಅವಳ ಚಾಪೆಯನ್ನು ಒಳಕೋಣೆಯ ಕಿಟಕಿಯ ಹತ್ತಿರ ಹಾಸಿದೆ. ಯಜಮಾನರು ಬಾಗಿಲಲ್ಲೇ ನಿಂತರು. "ದೇವರಿಗೆ?"

"ದೇವರ ಹತ್ರ ಕೇಳಿ ಆಯ್ತು" ಎಂದೆ.

ಕೇಳಿರಲಿಲ್ಲ. ಷಷ್ಠಿಗೆ ಸುಬ್ರಹ್ಮಣ್ಯಕ್ಕೆ ಹೋದಾಗಲೆಲ್ಲ ಆ ಸುಳ್ಳನ್ನು ಮೊದಲು ಒಪ್ಪಿಸುತ್ತೇನೆ, ಆಮೇಲೆ ಉಳಿದದ್ದನ್ನು ಬೇಡುತ್ತೇನೆ. ದೇವರು ಇಂದಿನವರೆಗೆ ಸಿಟ್ಟು ಮಾಡಿಲ್ಲ.